ಡಿಕ್ಕಿ ಲೆಕ್ಕಗಳು ಮತ್ತು ಸಂವೇಗ ಸಂರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಿಗೆ ಸಾಕಷ್ಟು ಮಕ್ಕಳು ಬರುತ್ತಾರೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿರುತ್ತಾರೆ. ಪಿಯುಸಿಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷ್. ಡಿಕ್ಕಿಯ ಲೆಕ್ಕ ಬಂದಾಗ ಅವರು ಕೇಳುವ ಪ್ರಶ್ನೆಗಳು ಮಾತ್ರ ವರ್ಷಾವರ್ಷ ಹೆಚ್ಚುಕಡಿಮೆ ಅವೇ. ಸೂತ್ರ ಗೊತ್ತಿಲ್ಲದೆ ತಪ್ಪು ಮಾಡುವವರು ಕಡಿಮೆ. ಯಾವ ಕ್ಷಣಕ್ಕೆ ಯಾವ ಸೂತ್ರ ಹಾಕಬೇಕು ಅನ್ನುವುದರಲ್ಲೇ ಎಡವುತ್ತಾರೆ. ಅದಕ್ಕೇ ಇಲ್ಲಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಂವೇಗ ಯಾಕೆ ಉಳಿಯುತ್ತದೆ? ಸುಮ್ನೆ ನಿಯಮ ಅಂತ ನಂಬಬೇಕಾ?

ನಂಬಬೇಕಾಗಿಲ್ಲ, ನೀವೇ ತೋರಿಸಬಹುದು. ರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ. ಎರಡು ವಸ್ತು ಡಿಕ್ಕಿ ಹೊಡೆದಾಗ ಮೊದಲನೆಯದು ಎರಡನೆಯದರ ಮೇಲೆ ಎಷ್ಟು ಬಲ ಹಾಕುತ್ತದೋ, ಎರಡನೆಯದೂ ಅಷ್ಟೇ ಬಲವನ್ನು ಎದುರು ದಿಕ್ಕಿನಲ್ಲಿ ಹಾಕುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ಎರಡೂ ತಾಗಿಕೊಂಡಿರುವ ಹೊತ್ತು ಒಂದೇ. ಬಲವನ್ನು ಆ ಹೊತ್ತಿನಿಂದ ಗುಣಿಸಿದರೆ ಸಂವೇಗದಲ್ಲಿ ಆದ ಬದಲಾವಣೆ ಸಿಗುತ್ತದೆ. ಬಲವೂ ಸಮ, ಹೊತ್ತೂ ಸಮ ಅಂದಮೇಲೆ ಒಂದು ಕಳೆದುಕೊಂಡಷ್ಟನ್ನು ಇನ್ನೊಂದು ಪಡೆದಿರಲೇಬೇಕು. ಎರಡನ್ನೂ ಕೂಡಿಸಿದ ಮೊತ್ತ ಬದಲಾಗುವುದಿಲ್ಲ.

ಡಿಕ್ಕಿಯಲ್ಲಿ ಏನು ಮುರಿಯಿತು, ಏನು ನಜ್ಜುಗುಜ್ಜಾಯಿತು ಅನ್ನುವುದು ಈ ವಾದದಲ್ಲಿ ಎಲ್ಲೂ ಬರುವುದಿಲ್ಲ. ಸಂವೇಗದ ನಿಯಮ ಎಲ್ಲ ಬಗೆಯ ಡಿಕ್ಕಿಗೂ ಒಪ್ಪುವುದು ಅದಕ್ಕೇ.

ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಸೂತ್ರದಿಂದ ಬೇಡ. ಮೊದಲು ಯಾವ ಯಾವ ವಸ್ತು ಲೆಕ್ಕದೊಳಗೆ ಬರುತ್ತವೆ ಅಂತ ತೀರ್ಮಾನಿಸಿ. ಆಮೇಲೆ ಎರಡು ಕ್ಷಣ ಗುರುತು ಮಾಡಿ: ತಾಗುವುದಕ್ಕೆ ತುಸು ಮುಂಚೆ, ಬಿಟ್ಟ ತಕ್ಷಣ. ಚಿತ್ರ ಬರೆದು, ಒಂದು ದಿಕ್ಕಿಗೆ ಬಾಣ ಹಾಕಿ, ಅದನ್ನು ಪ್ಲಸ್ ಅನ್ನಿ. ಇಷ್ಟಾದ ಮೇಲೆ ಮೊದಲಿನ ಸಂವೇಗಗಳ ಮೊತ್ತವನ್ನು ನಂತರದ ಸಂವೇಗಗಳ ಮೊತ್ತಕ್ಕೆ ಸಮ ಹಾಕಿದರೆ ಸಮೀಕರಣ ತಾನಾಗಿ ಬರುತ್ತದೆ.

ಚಿತ್ರ ಬರೆಯಲು ಅರ್ಧ ನಿಮಿಷ ಸಾಕು. ಅದನ್ನೂ ಉಳಿಸಲು ಹೋಗುವವರೇ ಆಮೇಲೆ ಐದು ನಿಮಿಷ ಒದ್ದಾಡುತ್ತಾರೆ.

"ಮೈನಸ್ ಎಲ್ಲಿಂದ ಬಂತ್ರಿ ಸರ್?"

ದಿಕ್ಕಿನಿಂದ. ವೇಗಕ್ಕೆ ದಿಕ್ಕಿದೆ, ಹಾಗಾಗಿ ಸಂವೇಗಕ್ಕೂ ಇದೆ. ಬಲಕ್ಕೆ ಹೋಗುವುದು ಪ್ಲಸ್ ಅಂದರೆ ಎಡಕ್ಕೆ ಹೋಗುವುದು ಮೈನಸ್. ಡಿಕ್ಕಿಯಾದ ಮೇಲೆ ವಸ್ತು ಯಾವ ಕಡೆ ಹೋಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಪ್ಲಸ್ ಅಂತಲೇ ಇಟ್ಟುಕೊಳ್ಳಿ. ಉತ್ತರ ಮೈನಸ್ ಬಂದರೆ ಅದು ಹಿಂದಕ್ಕೆ ಹೋಯಿತು ಅಂತ ಲೆಕ್ಕವೇ ಹೇಳುತ್ತದೆ. ಮೈನಸ್ ಬಂತು, ಎಲ್ಲೋ ತಪ್ಪಾಗಿದೆ ಅಂತ ಅಳಿಸಿಬಿಡುವವರಿದ್ದಾರೆ. ಅಳಿಸಬೇಡಿ.

ಸಂವೇಗ ಉಳಿದರೆ ಚಲನಶಕ್ತಿಯೂ ಉಳಿಯಬೇಕಲ್ವಾ?

ಇಲ್ಲ. ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ರೈಲ್ವೆ ನೌಕರಿ ಮಾಡಿದವರಿದ್ದಾರೆ. ಹಾಗಾಗಿ ವ್ಯಾಗನ್ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಸರಕು ತುಂಬಿದ 80 ಟನ್ ವ್ಯಾಗನ್ ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಉರುಳಿ ಬಂದು, ನಿಂತಿರುವ 20 ಟನ್ ಖಾಲಿ ವ್ಯಾಗನ್ನಿಗೆ ತಾಗುತ್ತದೆ. ಕಪ್ಲಿಂಗ್ ಬಿದ್ದು ಎರಡೂ ಜೊತೆಯಾಗಿ ಹೊರಡುತ್ತವೆ.

ಮೊದಲಿನ ಸಂವೇಗ: 80 × 1.5 = 120. ಈಗ ಒಟ್ಟು ರಾಶಿ 100 ಟನ್. ವೇಗ 120 ÷ 100 = 1.2 ಮೀ/ಸೆ.

ಚಲನಶಕ್ತಿ ನೋಡಿ. ಮೊದಲು ½ × 80,000 × 1.5 × 1.5 = 90,000 ಜೂಲ್. ಆಮೇಲೆ ½ × 100,000 × 1.2 × 1.2 = 72,000 ಜೂಲ್. 18,000 ಜೂಲ್ ಹೋಯಿತು. ಎಲ್ಲಿಗೆ? ಬಫರಿನ ಸ್ಪ್ರಿಂಗ್ ಅದುಮಿದ್ದಕ್ಕೆ, ಕಬ್ಬಿಣ ಬಿಸಿಯಾದದ್ದಕ್ಕೆ, ಯಾರ್ಡ್ ತುಂಬ ಕೇಳುವ ಆ ಧಡ್ ಸದ್ದಿಗೆ.

ಈಗ ತಿರುವು ಮುರುವು ಮಾಡಿ. 20 ಟನ್ ಖಾಲಿ ವ್ಯಾಗನ್ ಅದೇ 1.5 ಮೀ/ಸೆ ವೇಗದಲ್ಲಿ ಬಂದು, ನಿಂತಿರುವ 80 ಟನ್ ವ್ಯಾಗನ್ನಿಗೆ ಕೂಡಿಕೊಳ್ಳಲಿ. ಸಂವೇಗ 30, ವೇಗ 0.3 ಮೀ/ಸೆ. ಮೊದಲಿನ ಶಕ್ತಿ 22,500 ಜೂಲ್, ಆಮೇಲೆ 4,500 ಜೂಲ್. ನಷ್ಟ ಮತ್ತೆ 18,000!

ಇದು ಆಕಸ್ಮಿಕವಲ್ಲ. ಎರಡೂ ಅಂಟಿಕೊಂಡಾಗ ಎಷ್ಟು ಶಕ್ತಿ ಹೋಗುತ್ತದೆ ಅನ್ನುವುದು ಒಂದಕ್ಕೊಂದು ಎಷ್ಟು ವೇಗದಲ್ಲಿ ಹತ್ತಿರ ಬರುತ್ತಿದ್ದವು ಎಂಬುದರ ಮೇಲೆ ನಿಂತಿದೆ. ಯಾವುದು ಓಡುತ್ತಿತ್ತು, ಯಾವುದು ನಿಂತಿತ್ತು ಅನ್ನುವುದು ಮುಖ್ಯವಲ್ಲ. ಎರಡು ರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿ: 80 × 20 ÷ 100 = 16 ಟನ್. ಅದನ್ನು ಹತ್ತಿರವಾಗುವ ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿ: ½ × 16,000 × 2.25 = 18,000. ಪರೀಕ್ಷೆಯಲ್ಲಿ "ನಷ್ಟವಾದ ಶಕ್ತಿ ಎಷ್ಟು" ಅಂತ ಕೇಳಿದರೆ ಇದು ಒಂದೇ ಸಾಲಿನ ಕೆಲಸ.

ಕಾರಿಗೆ ಲಾರಿ ಗುದ್ದಿದರೆ ಲಾರಿಯ ಬಲವೇ ಜಾಸ್ತಿ ಅಲ್ವಾ?

ಅಲ್ಲ. ಕ್ಲಾಸಿನಲ್ಲಿ ಕೈ ಎತ್ತಿಸಿದರೆ ಹೆಚ್ಚಿನವರು ಜಾಸ್ತಿ ಅಂತಲೇ ಎತ್ತುತ್ತಾರೆ, ಏಕೆಂದರೆ ಕಾರಿನ ಗತಿ ಏನಾಗುತ್ತದೆ ಅಂತ ಎಲ್ಲರೂ ಕಂಡಿದ್ದಾರೆ.

ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ರಸ್ತೆಯನ್ನು ನೆನಪಿಸಿಕೊಳ್ಳಿ. 9,000 ಕೆಜಿ ಲಾರಿ ಒಂದು ಕಡೆಯಿಂದ, 1,000 ಕೆಜಿ ಕಾರು ಎದುರಿನಿಂದ. ಎರಡರದ್ದೂ ಗಂಟೆಗೆ 72 ಕಿಮೀ, ಅಂದರೆ 20 ಮೀ/ಸೆ. ಲಾರಿಯ ದಿಕ್ಕು ಪ್ಲಸ್. ಸಂವೇಗ 180,000 – 20,000 = 160,000. ಎರಡೂ ಸಿಕ್ಕಿಕೊಂಡರೆ ವೇಗ 160,000 ÷ 10,000 = 16 ಮೀ/ಸೆ, ಲಾರಿ ಹೋಗುತ್ತಿದ್ದ ಕಡೆಗೆ.

ಲಾರಿಯ ವೇಗ 20ರಿಂದ 16ಕ್ಕೆ ಇಳಿಯಿತು, ಬದಲಾವಣೆ 4. ಕಾರಿನ ವೇಗ –20 ಇದ್ದದ್ದು +16 ಆಯಿತು, ಬದಲಾವಣೆ 36. ಸಂವೇಗದಲ್ಲಿ ನೋಡಿದರೆ ಎರಡಕ್ಕೂ 36,000. ಬಲವೂ ಒಂದೇ. ಡಿಕ್ಕಿ 0.1 ಸೆಕೆಂಡ್ ನಡೆಯಿತು ಅಂದುಕೊಂಡರೆ 360,000 ನ್ಯೂಟನ್. ಗುರುತ್ವ ವೇಗೋತ್ಕರ್ಷ 10 ಮೀ/ಸೆ² ಅಂತ ಹಿಡಿದರೆ, ಅಷ್ಟೇ ಬಲ 9,000 ಕೆಜಿಯ ಮೇಲೆ ಬಿದ್ದಾಗ ಗುರುತ್ವದ ನಾಲ್ಕು ಪಟ್ಟಿನ ಹೊಡೆತ, 1,000 ಕೆಜಿಯ ಮೇಲೆ ಬಿದ್ದಾಗ ಮೂವತ್ತಾರು ಪಟ್ಟಿನದು. ಕಾರಿನಲ್ಲಿದ್ದವರನ್ನು ಕಾಡುವುದು ಈ ವ್ಯತ್ಯಾಸ.

ಕಾರಿನ ಮುಂಭಾಗವನ್ನು ಮಡಚಿಕೊಳ್ಳುವಂತೆ ಮಾಡುವುದು, ಹೆಲ್ಮೆಟ್ಟಿನೊಳಗೆ ಥರ್ಮಾಕೋಲ್ ಇಡುವುದು, ಎಲ್ಲವೂ ಆ 0.1 ಸೆಕೆಂಡನ್ನು ಇನ್ನಷ್ಟು ಎಳೆಯುವುದಕ್ಕೇ. ಸಂವೇಗದ ಬದಲಾವಣೆ ಅಷ್ಟೇ ಇರುತ್ತದೆ. ಹೊತ್ತು ಜಾಸ್ತಿಯಾದಷ್ಟೂ ಬಲ ಕಡಿಮೆ.

ರಸ್ತೆಯ ಘರ್ಷಣೆ ಹೊರಗಿನ ಬಲ ತಾನೇ? ಹಾಗಿದ್ದರೆ ಸಂವೇಗ ಹೇಗೆ ಉಳಿಯುತ್ತದೆ?

ಒಳ್ಳೆಯ ಪ್ರಶ್ನೆ. ಕಟ್ಟುನಿಟ್ಟಾಗಿ ಹೇಳಿದರೆ ಪೂರ್ತಿ ಉಳಿಯುವುದಿಲ್ಲ. ಆದರೆ ಅಂಕಿ ಹೋಲಿಸಿ. ಮೇಲಿನ ಕಾರು ಪೂರ್ತಿ ಬ್ರೇಕ್ ಹಾಕಿದ್ದರೂ ರಸ್ತೆಯ ಘರ್ಷಣೆ ಸುಮಾರು 8,000 ನ್ಯೂಟನ್. ಡಿಕ್ಕಿಯ ಬಲ 360,000. ಲೆಕ್ಕಕ್ಕೇ ಬರದಷ್ಟು ಸಣ್ಣದು. ಲಾರಿಯೂ ಗಟ್ಟಿಯಾಗಿ ಬ್ರೇಕ್ ಹಾಕಿದ್ದರೆ ಅದರದ್ದು 70,000 ದಾಟಬಹುದು, ಸುಮಾರು ಐದನೇ ಒಂದು ಪಾಲು. ಪರೀಕ್ಷೆಯ ಲೆಕ್ಕದಲ್ಲಿ ಅದನ್ನು ಬಿಡುತ್ತೇವೆ. ನಿಜವಾದ ಅಪಘಾತದ ಲೆಕ್ಕದಲ್ಲಿ ಹಾಗೆ ಬಿಟ್ಟುಬಿಡುವಂತಿಲ್ಲ.

"ತಾಗುವುದಕ್ಕೆ ತುಸು ಮುಂಚೆ, ಬಿಟ್ಟ ತಕ್ಷಣ" ಅಂತ ಒತ್ತಿ ಹೇಳುವುದು ಇದಕ್ಕೇ. ಡಿಕ್ಕಿಯಾಗಿ ಮೂರು ಸೆಕೆಂಡ್ ಕಳೆದ ಮೇಲಿನ ವೇಗವನ್ನು ತಂದು ಸಂವೇಗದ ಸಮೀಕರಣಕ್ಕೆ ಹಾಕಿದರೆ ಘರ್ಷಣೆ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರುತ್ತದೆ.

ಎಲಾಸ್ಟಿಕ್ ಡಿಕ್ಕಿಯಲ್ಲಿ ವರ್ಗ ಸಮೀಕರಣ ಬಿಡಿಸಲೇಬೇಕಾ?

ಬೇಡ. ಸ್ಥಿತಿಸ್ಥಾಪಕ, ಅಂದರೆ ಎಲಾಸ್ಟಿಕ್ ಡಿಕ್ಕಿಯಲ್ಲಿ ಚಲನಶಕ್ತಿಯೂ ಉಳಿಯುತ್ತದೆ. ನೇರ ಡಿಕ್ಕಿಗೆ ಅದನ್ನು ಇನ್ನೊಂದು ರೀತಿಯಲ್ಲಿ ಬರೆಯಬಹುದು: ಎಷ್ಟು ವೇಗದಲ್ಲಿ ಹತ್ತಿರ ಬಂದವೋ ಅಷ್ಟೇ ವೇಗದಲ್ಲಿ ದೂರವಾಗುತ್ತವೆ. ವರ್ಗಗಳು ಮಾಯ. ಎರಡು ಸರಳ ಸಮೀಕರಣ ಉಳಿಯುತ್ತವೆ.

ಕೇರಂ ಬೋರ್ಡಿಗೆ ಬನ್ನಿ. ಸ್ಟ್ರೈಕರ್ 15 ಗ್ರಾಂ, ಕಾಯಿನ್ 5 ಗ್ರಾಂ ಅಂತ ಇಟ್ಟುಕೊಳ್ಳೋಣ. ಸ್ಟ್ರೈಕರ್ 2 ಮೀ/ಸೆ ವೇಗದಲ್ಲಿ ನಿಂತ ಕಾಯಿನ್ನಿಗೆ ನೇರವಾಗಿ ಬಡಿಯುತ್ತದೆ. ಒಟ್ಟು ಸಂವೇಗ 30. ಬಿಟ್ಟ ಮೇಲೆ ಕಾಯಿನ್ ಸ್ಟ್ರೈಕರಿಗಿಂತ 2 ಮೀ/ಸೆ ಮುಂದಿರಬೇಕು. ಎರಡೂ ಒಪ್ಪುವ ಉತ್ತರ: ಸ್ಟ್ರೈಕರ್ 1, ಕಾಯಿನ್ 3. ತಾಳೆ ನೋಡಿ, 15 × 1 + 5 × 3 = 30.

ಹೊಡೆದದ್ದಕ್ಕಿಂತ ಹೊಡೆಸಿಕೊಂಡದ್ದೇ ಜೋರಾಗಿ ಓಡಿತು! ಇದನ್ನು ಒಪ್ಪಲು ಕೆಲವರಿಗೆ ಕಷ್ಟವಾಗುತ್ತದೆ. ಆದರೆ ಶಕ್ತಿಯೂ ಸರಿಹೋಗುತ್ತದೆ: ಮೊದಲು 15 × 4 = 60, ಆಮೇಲೆ 15 × 1 + 5 × 9 = 60. ಅರ್ಧ ಎರಡೂ ಕಡೆ ಇದೆ, ಬಿಟ್ಟಿದ್ದೇನೆ. ನೇರ ಹೊಡೆತದಲ್ಲಿ ಸ್ಟ್ರೈಕರ್ ಕಾಯಿನ್ನಿನ ಬೆನ್ನು ಹತ್ತಿ ಪಾಕೆಟ್ಟಿಗೇ ಬಿದ್ದು ಫೌಲ್ ಆಗುವುದೂ ಇದರಿಂದಲೇ. ಭಾರವಾದದ್ದು ಹಗುರವಾದದ್ದಕ್ಕೆ ಬಡಿದರೆ ನಿಲ್ಲುವುದಿಲ್ಲ, ಅದೇ ದಿಕ್ಕಿನಲ್ಲಿ ಮುಂದೆ ಹೋಗುತ್ತದೆ.

ರಾಶಿಗಳು ಸಮ ಇದ್ದರೆ ವೇಗಗಳು ಅದಲು ಬದಲು. ಬಂದದ್ದು ನಿಲ್ಲುತ್ತದೆ, ನಿಂತದ್ದು ಹೋಗುತ್ತದೆ. ಗೋಲಿ ಆಡಿದವರಿಗೆ ಇದು ಹೊಸದಲ್ಲ.

ಓರೆಯಾಗಿ ತಾಗಿದರೆ?

ಒಂದೇ ಸಮೀಕರಣ ಎರಡಾಗುತ್ತದೆ, ಅಷ್ಟೇ. ಬಂದ ದಿಕ್ಕಿಗೆ ಒಂದು, ಅದಕ್ಕೆ ಲಂಬವಾಗಿ ಇನ್ನೊಂದು. ಎರಡರಲ್ಲೂ ಸಂವೇಗ ಬೇರೆ ಬೇರೆಯಾಗಿ ಉಳಿಯಬೇಕು.

ಒಂದು ಕಾಯಿನ್ 2 ಮೀ/ಸೆ ವೇಗದಲ್ಲಿ ಬಂದು ನಿಂತ ಇನ್ನೊಂದು ಕಾಯಿನ್ನಿಗೆ ಅಂಚಿನಲ್ಲಿ ತಾಗಿ 30 ಡಿಗ್ರಿ ತಿರುಗಿತು ಅನ್ನಿ. ಡಿಕ್ಕಿ ಎಲಾಸ್ಟಿಕ್ ಆಗಿದ್ದರೆ ಎರಡನೆಯದು ಆಚೆ ಕಡೆ 60 ಡಿಗ್ರಿಗೆ ಹೋಗುತ್ತದೆ. ವೇಗಗಳು 1.73 ಮತ್ತು 1. ಮುಂದಿನ ದಿಕ್ಕಿನಲ್ಲಿ 1.5 + 0.5 = 2. ಅಡ್ಡ ದಿಕ್ಕಿನಲ್ಲಿ 0.87 – 0.87 = 0. ಸಮ ರಾಶಿ, ಒಂದು ನಿಂತಿದೆ, ಎಲಾಸ್ಟಿಕ್ ಡಿಕ್ಕಿ: ಈ ಮೂರೂ ಸೇರಿದರೆ ಎರಡು ದಾರಿಗಳ ನಡುವೆ ಯಾವಾಗಲೂ 90 ಡಿಗ್ರಿ. ನೇರ ಡಿಕ್ಕಿಯೊಂದನ್ನು ಬಿಟ್ಟು.

ಸ್ಟ್ರೈಕರ್ ಕಾಯಿನ್ನಿನ ಮೂರು ಪಟ್ಟು ತೂಕದ್ದಾದ್ದರಿಂದ ಅದಕ್ಕೆ ಈ 90 ಡಿಗ್ರಿ ಹೊಂದುವುದಿಲ್ಲ. ನಿಂತ ಒಂದು ಕಾಯಿನ್ನಿಗೆ ಎಷ್ಟೇ ಓರೆಯಾಗಿ ತಾಗಿದರೂ ಸ್ಟ್ರೈಕರ್ ತನ್ನ ದಾರಿಯಿಂದ ಸುಮಾರು 19.5 ಡಿಗ್ರಿಗಿಂತ ಹೆಚ್ಚು ತಿರುಗುವುದಿಲ್ಲ. ಸೈನ್ ಮೌಲ್ಯ ಮೂರನೇ ಒಂದು ಇರುವ ಕೋನ ಅದು. ಬೋರ್ಡಿಗೆ ಚೆನ್ನಾಗಿ ಪೌಡರ್ ಹಾಕಿ ನೋಡಿ. ಗೋಲಿಯಲ್ಲಿ ಮಾತ್ರ ಇದನ್ನು ಪರೀಕ್ಷಿಸಬೇಡಿ. ಗೋಲಿ ಉರುಳುತ್ತದೆ. ಆ ತಿರುಗುವಿಕೆ ಡಿಕ್ಕಿಯಾದ ಮೇಲೆ ದಾರಿಯನ್ನು ಬಾಗಿಸಿಬಿಡುತ್ತದೆ.

ಮರಳಿನ ಚೀಲಕ್ಕೆ ಗುಂಡು ಹೊಡೆಯುವ ಲೆಕ್ಕದಲ್ಲಿ ನೇರವಾಗಿ ಶಕ್ತಿ ಸಮ ಹಾಕಿದರೆ ಏನು ತಪ್ಪು?

ಅಂಕಿ ಹಾಕಿದರೆ ನಿಮಗೇ ನಗು ಬರುತ್ತದೆ. ಗುಂಡು 10 ಗ್ರಾಂ, 400 ಮೀ/ಸೆ. ನೇತು ಹಾಕಿದ ಚೀಲ ಮತ್ತು ಗುಂಡು ಸೇರಿ 5 ಕೆಜಿ. ಗುಂಡಿನ ಶಕ್ತಿ 800 ಜೂಲ್. ಅಷ್ಟನ್ನೂ ಎತ್ತರಕ್ಕೆ ಹಾಕಿದರೆ ಚೀಲ 16 ಮೀಟರ್ ಮೇಲೇರಬೇಕು, ಐದಂತಸ್ತಿನ ಕಟ್ಟಡದಷ್ಟು!

ಸರಿಯಾದ ದಾರಿ ಎರಡು ಹೆಜ್ಜೆಯದು. ಗುಂಡು ಹೊಕ್ಕುವ ಕ್ಷಣಕ್ಕೆ ಸಂವೇಗ: 0.01 × 400 = 4, ಭಾಗಿಸು 5, ವೇಗ 0.8 ಮೀ/ಸೆ. ಆಮೇಲೆ ಚೀಲ ತೂಗಿ ಮೇಲೇರುವಾಗ ಶಕ್ತಿ: ಎತ್ತರ ಅಂದರೆ ವೇಗದ ವರ್ಗ ÷ (2 × ಗುರುತ್ವ), 0.64 ÷ 20 = 0.032 ಮೀಟರ್. ಮೂರೇ ಸೆಂಟಿಮೀಟರ್ ಚಿಲ್ಲರೆ. 800 ಜೂಲ್‌ನಲ್ಲಿ ಉಳಿದದ್ದು 1.6. ಮಿಕ್ಕದ್ದೆಲ್ಲ ಮರಳನ್ನು ಸೀಳಿ ಬಿಸಿ ಮಾಡುವುದರಲ್ಲಿ ಹೋಯಿತು.

ಹೊಕ್ಕುವಾಗ ಶಕ್ತಿ ಉಳಿಯುವುದಿಲ್ಲ, ಸಂವೇಗ ಉಳಿಯುತ್ತದೆ. ಏರುವಾಗ ಸಂವೇಗ ಉಳಿಯುವುದಿಲ್ಲ, ಏಕೆಂದರೆ ಭೂಮಿ ಕೆಳಗೆ ಎಳೆಯುತ್ತಿದೆ. ಶಕ್ತಿ ಉಳಿಯುತ್ತದೆ. ಡಿಕ್ಕಿಯ ಅಧ್ಯಾಯದಲ್ಲಿ ಒಂದೇ ಒಂದು ಲೆಕ್ಕ ಮಾಡಲು ಹೊತ್ತಿದ್ದರೆ ಇದನ್ನು ಮಾಡಿ. 1742ರಲ್ಲಿ ಬೆಂಜಮಿನ್ ರಾಬಿನ್ಸ್ ಗುಂಡಿನ ವೇಗ ಅಳೆದದ್ದು ಇಂಥ ಲೋಲಕದಿಂದಲೇ. ಸೆಕೆಂಡಿಗೆ ನೂರಾರು ಮೀಟರ್ ಹೋಗುವುದನ್ನು ಗಡಿಯಾರದಿಂದ ಹಿಡಿಯಲು ಆಗ ಸಾಧ್ಯವಿರಲಿಲ್ಲ.

ಚೆಂಡು ಗೋಡೆಗೆ ಬಡಿದು ವಾಪಸ್ ಬಂದರೆ ಸಂವೇಗ ಎಲ್ಲಿ ಉಳಿಯಿತು?

ಚೆಂಡೊಂದನ್ನೇ ನೋಡಿದರೆ ಉಳಿಯಲಿಲ್ಲ. ಗೋಡೆ, ಅದರ ಮೂಲಕ ಭೂಮಿ, ಆ ಸಂವೇಗವನ್ನು ಪಡೆಯಿತು. ಭೂಮಿಯ ರಾಶಿ ಸುಮಾರು 6 × 10²⁴ ಕೆಜಿ. ಅದರ ವೇಗ ಎಷ್ಟು ಬದಲಾಯಿತು ಅಂತ ಕೇಳಬೇಡಿ.

ಓಡುವ ಗಾಡಿಗೆ ಮೇಲಿಂದ ಚೀಲ ಬಿದ್ದರೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ 60 ಕೆಜಿಯ ತಳ್ಳುಗಾಡಿ 1.5 ಮೀ/ಸೆ ವೇಗದಲ್ಲಿ ತಾನಾಗಿ ಉರುಳುತ್ತಿದೆ. ಮೇಲಿಂದ 30 ಕೆಜಿ ಮೆಣಸಿನಕಾಯಿ ಚೀಲ ನೇರವಾಗಿ ಅದರೊಳಗೆ ಬೀಳುತ್ತದೆ. ಚೀಲಕ್ಕೆ ಗಾಡಿ ಹೋಗುವ ದಿಕ್ಕಿನ ವೇಗ ಇಲ್ಲ. ಆ ದಿಕ್ಕಿನ ಸಂವೇಗ 90, ಒಟ್ಟು ರಾಶಿ 90. ವೇಗ 1 ಮೀ/ಸೆ. ಚೀಲ ಎಷ್ಟು ಎತ್ತರದಿಂದ ಬಿತ್ತು ಅನ್ನುವುದು ಇಲ್ಲಿ ಬೇಕಿಲ್ಲ, ಆ ಹೊಡೆತವನ್ನು ನೆಲ ತಡೆದುಕೊಳ್ಳುತ್ತದೆ.

ಇದರ ಬಾಲಕ್ಕೆ ಇನ್ನೊಂದು ಕೊಕ್ಕೆ ಪ್ರಶ್ನೆ ಬರುತ್ತದೆ. ಚೀಲ ಹರಿದು ಮೆಣಸಿನಕಾಯಿ ಗಾಡಿಯ ತಳದ ತೂತಿನಿಂದ ಸೋರುತ್ತಿದ್ದರೆ ಗಾಡಿಯ ವೇಗ ಮತ್ತೆ 1.5ಕ್ಕೆ ಏರುತ್ತದಾ? ಏರುವುದಿಲ್ಲ. ಸೋರುವ ಮೆಣಸಿನಕಾಯಿಯೂ 1 ಮೀ/ಸೆ ವೇಗದಲ್ಲೇ ಹೊರಬೀಳುತ್ತದೆ, ತನ್ನ ಪಾಲಿನ ಸಂವೇಗವನ್ನು ತಾನೇ ಒಯ್ಯುತ್ತದೆ. ಗಾಡಿಯನ್ನು ಮುಂದೆ ತಳ್ಳುವವರು ಯಾರೂ ಇಲ್ಲ.

ಪೂರ್ತಿ ಎಲಾಸ್ಟಿಕ್ಕೂ ಅಲ್ಲ, ಅಂಟಿಕೊಳ್ಳುವುದೂ ಇಲ್ಲ. ಆಗ?

ನಿಜವಾದ ಡಿಕ್ಕಿಗಳು ಹೆಚ್ಚಾಗಿ ಹೀಗೇ. ದೂರವಾಗುವ ವೇಗವನ್ನು ಹತ್ತಿರ ಬಂದ ವೇಗದಿಂದ ಭಾಗಿಸಿದರೆ ಸಿಗುವುದು ಕೋಎಫಿಶಿಯೆಂಟ್ ಆಫ್ ರೆಸ್ಟಿಟ್ಯೂಷನ್. ಅಂಟಿಕೊಂಡರೆ 0, ಎಲಾಸ್ಟಿಕ್ ಆದರೆ 1. ನ್ಯೂಟನ್ ಹತ್ತು ಅಡಿ ಉದ್ದದ ಲೋಲಕಗಳಿಗೆ ಚೆಂಡು ಕಟ್ಟಿ ಇದನ್ನು ಅಳೆದಿದ್ದ. ಒತ್ತಿ ಸುತ್ತಿದ ಉಣ್ಣೆಯ ಚೆಂಡಿಗೆ ಸುಮಾರು 9ಕ್ಕೆ 5, ಗಾಜಿಗೆ 16ಕ್ಕೆ 15. ಮನೆಯಲ್ಲೇ ಅಳೆಯಬೇಕಾ? ಚೆಂಡನ್ನು 1 ಮೀಟರ್ ಎತ್ತರದಿಂದ ಬಿಡಿ. 64 ಸೆಂಟಿಮೀಟರ್ ಪುಟಿದರೆ 0.64ರ ವರ್ಗಮೂಲ, 0.8.

ಸಂವೇಗದ ಈ ನಿಯಮವನ್ನು ನ್ಯೂಟನ್ನೇ ಕಂಡುಹಿಡಿದನಾ?

ಒಬ್ಬನೇ ಅಲ್ಲ. 1644ರಲ್ಲಿ ಡೆಕಾರ್ಟ್ ಡಿಕ್ಕಿಗೆ ಏಳು ನಿಯಮ ಬರೆದ. ದಿಕ್ಕನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಪ್ರಮಾಣ ಕೂಡಿಸಿದ್ದರಿಂದ ಹೆಚ್ಚಿನವು ತಪ್ಪಾದವು. ಮೈನಸ್ ಮರೆಯುವ ಹುಡುಗರಿಗೆ ಇಷ್ಟು ದೊಡ್ಡ ಜೊತೆಗಾರ ಇದ್ದಾನೆ. 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ವಿಷಯವನ್ನು ಕೈಗೆತ್ತಿಕೊಂಡಾಗ ವಾಲಿಸ್, ರೆನ್, ಹೈಗೆನ್ಸ್ ಮೂವರೂ ಉತ್ತರ ಕಳಿಸಿದರು. ನ್ಯೂಟನ್ನನ ಚಲನೆಯ ನಿಯಮಗಳು ಅಚ್ಚಾದದ್ದು 1687ರಲ್ಲಿ.

ಸಿಇಟಿಯಲ್ಲಿ ಹೊತ್ತು ಸಾಲುವುದಿಲ್ಲ. ಬೇಗ ಮಾಡುವುದು ಹೇಗೆ?

80 ನಿಮಿಷಕ್ಕೆ 60 ಪ್ರಶ್ನೆ ಅಂದರೆ ಒಂದಕ್ಕೆ 80 ಸೆಕೆಂಡ್. ಗಂಟೆಗೆ ಕಿಮೀ ಇದ್ದರೆ 5/18ರಿಂದ ಗುಣಿಸಿ. ಎಲ್ಲ ರಾಶಿಗಳೂ ಗ್ರಾಂನಲ್ಲೇ ಇದ್ದು ವೇಗ ಮಾತ್ರ ಬೇಕಿದ್ದರೆ ಕೆಜಿಗೆ ಬದಲಿಸುವ ಗೋಜು ಬೇಡ, ಎರಡೂ ಕಡೆ ಹೊಡೆದುಹೋಗುತ್ತದೆ. ಶಕ್ತಿ ಕೇಳಿದರೆ ಬದಲಿಸಲೇಬೇಕು. ಎಲಾಸ್ಟಿಕ್ ಅಂತ ಬರೆದಿಲ್ಲ ಅಂದರೆ ಎಲಾಸ್ಟಿಕ್ ಅಂತ ನೀವೇ ಊಹಿಸಬೇಡಿ. ಅಂಟಿಕೊಂಡ ಮೇಲಿನ ವೇಗ ಮೊದಲಿನ ಎರಡು ವೇಗಗಳ ನಡುವೆಯೇ ಇರಬೇಕು. ಇದೊಂದನ್ನು ನೋಡಿದರೆ ಎರಡು ಆಯ್ಕೆ ಅಲ್ಲೇ ಬಿದ್ದುಹೋಗುವುದುಂಟು.

ಕಣ್ಣಿಗೆ ಕಾಣದ ಕಣಗಳಿಗೂ ಇದು ನಡೆಯುತ್ತದಾ?

ನ್ಯೂಟ್ರಾನ್ ಸಿಕ್ಕಿದ್ದೇ ಹೀಗೆ. 1932ರಲ್ಲಿ ಚಾಡ್ವಿಕ್‌ಗೆ ವಿದ್ಯುದಂಶವಿಲ್ಲದ, ನೇರವಾಗಿ ಹಿಡಿಯಲಾಗದ ಒಂದು ಕಿರಣದ ರಾಶಿ ತಿಳಿಯಬೇಕಿತ್ತು. ಅದು ಬಡಿದಾಗ ಹಾರುವ ಹೈಡ್ರೋಜನ್ನಿನ ವೇಗ, ನೈಟ್ರೋಜನ್ನಿನ ವೇಗ, ಎರಡನ್ನೂ ಹೋಲಿಸಿದ. ಹೈಡ್ರೋಜನ್ ಸುಮಾರು 7 ಪಟ್ಟು ವೇಗ. ಹೈಡ್ರೋಜನ್ನಿನ ರಾಶಿ 1, ನೈಟ್ರೋಜನ್ನಿನದು 14. ಮೇಲಿನ ಕೇರಂ ಲೆಕ್ಕವನ್ನೇ ಎರಡು ಸಲ ಮಾಡಿದರೆ, ಗೊತ್ತಿಲ್ಲದ ರಾಶಿಗೆ 14 ಕೂಡಿಸಿದ್ದು, ಅದೇ ರಾಶಿಗೆ 1 ಕೂಡಿಸಿದ್ದರ 7 ಪಟ್ಟು ಇರಬೇಕು ಅಂತ ಬರುತ್ತದೆ. ಬಿಡಿಸಿ, 7 ÷ 6, ಸುಮಾರು 1.17. ಹೈಡ್ರೋಜನ್ನಿಗೆ ಹತ್ತಿರ ಹತ್ತಿರ ಸಮ.

ಅಭ್ಯಾಸಕ್ಕೆ ಒಂದು ಲೆಕ್ಕ ಕೊಡಿ.

ಚೆನ್ನಮ್ಮ ಸರ್ಕಲ್ಲಿನ ಸಿಗ್ನಲ್‌ನಲ್ಲಿ 1,500 ಕೆಜಿ ಕಾರು ನಿಂತಿದೆ. ಹಿಂದಿನಿಂದ 1,000 ಕೆಜಿ ಕಾರು ಬಂದು ಗುದ್ದುತ್ತದೆ. ಎರಡೂ ಸಿಕ್ಕಿಕೊಂಡು 3 ಮೀಟರ್ ಜಾರಿ ನಿಲ್ಲುತ್ತವೆ. ಘರ್ಷಣಾ ಗುಣಾಂಕ 0.6, ಗುರುತ್ವ ವೇಗೋತ್ಕರ್ಷ 10. ಗಂಟೆಗೆ 35ರ ಮೇಲೆ ಹೋಗಿರಲಿಲ್ಲ ಅಂತ ಹಿಂದಿನ ಚಾಲಕ ಹೇಳುತ್ತಾನೆ. ನಿಜವಾ?

ಹಿಂದಿನಿಂದ ಬನ್ನಿ. ಎಲ್ಲ ಚಕ್ರಗಳೂ ಬ್ರೇಕ್ ಹಿಡಿದಿದ್ದವು ಅಂದರೆ ವೇಗ ಕುಗ್ಗುವ ದರ 6 ಮೀ/ಸೆ². ಜಾರಲು ಶುರುವಾದಾಗಿನ ವೇಗದ ವರ್ಗ 2 × 6 × 3 = 36, ವೇಗ 6. ಈಗ ಸಂವೇಗ: 2,500 × 6 = 15,000, ಭಾಗಿಸು 1,000, 15 ಮೀ/ಸೆ. ಗಂಟೆಗೆ 54 ಕಿಮೀ. ಚಾಲಕನ ಮಾತು ಸುಳ್ಳು.

ಆದರೆ ಮುಂದಿನ ಕಾರಿನವರು ಬ್ರೇಕ್ ಮೇಲೆ ಕಾಲಿಟ್ಟಿರಲಿಲ್ಲ, ಹ್ಯಾಂಡ್‌ಬ್ರೇಕೂ ಹಾಕಿರಲಿಲ್ಲ, ಗೇರ್ ನ್ಯೂಟ್ರಲ್ ಇತ್ತು ಅನ್ನಿ. ಆಗ ಉಜ್ಜುವುದು ಹಿಂದಿನ ಕಾರಿನ ಚಕ್ರ ಮಾತ್ರ. 6,000 ನ್ಯೂಟನ್ ಬಲ 2,500 ಕೆಜಿಯನ್ನು ತಡೆಯಬೇಕು, ದರ 2.4. ಜಾರುವ ವೇಗ ಸುಮಾರು 3.8, ಡಿಕ್ಕಿಗೆ ಮೊದಲಿನ ವೇಗ ಸುಮಾರು 9.5 ಮೀ/ಸೆ. ಗಂಟೆಗೆ 34 ಕಿಮೀ. ಈಗ ಚಾಲಕ ಹೇಳಿದ್ದು ನಿಜ. ಸಂವೇಗದ ಹೆಜ್ಜೆ ಎರಡರಲ್ಲೂ ಒಂದೇ, ಬದಲಾದದ್ದು ಬ್ರೇಕ್ ಒಂದೇ.